ಹನ್ನೆರಡು ದಿನ ಚೀಲ ಹೊತ್ತು ಬೆಟ್ಟ ನಡೆಯಲು ಕುಮಾರ ಪರ್ವತದ ಅನುಭವ ಸಾಕೇ?

ನೀವು ಕುಂಬಳೆಯ ಕಡೆಯವರು, ವಯಸ್ಸು 43, ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದಿದ್ದೇನೆ ಎಂದು ಬರೆದಿದ್ದೀರಿ. ಆ ಬಲದ ಮೇಲೆ ನೇಪಾಳದಲ್ಲಿ ಅನ್ನಪೂರ್ಣ ಪರ್ವತಗಳನ್ನು ಸುತ್ತುವ ಚಾರಣದಾರಿಯಾದ ಅನ್ನಪೂರ್ಣ ಸರ್ಕ್ಯೂಟ್‌ನಲ್ಲಿ ಹನ್ನೆರಡು ದಿನ ಸ್ವಂತ ಚೀಲವನ್ನು ಸ್ವತಃ ಹೊತ್ತು ನಡೆಯಬಹುದೇ, ಅದಕ್ಕೆ ತಯಾರಿ ಹೇಗೆ ಎಂದು ಕೇಳಿದ್ದೀರಿ. ನಾನು ಬದಿಯಡ್ಕದ ಸಮೀಪ ಅಡಿಕೆ ತೋಟ ಮಾಡಿಕೊಂಡಿರುವವನು. ಭಾವನವರೊಂದಿಗೆ ಅದೇ ದಾರಿಯನ್ನು ಒಂದು ಅಕ್ಟೋಬರ್ ಕೊನೆಯಲ್ಲಿ ನಡೆದು ಬಂದಿದ್ದೇನೆ. ನಡೆಯಬಹುದು ಎಂಬುದೇ ನನ್ನ ಉತ್ತರ. ಆದರೆ ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಮುಗಿಸಿದ ಅಭ್ಯಾಸವು ಅಲ್ಲಿ ನಿಮಗೆ ನೆರವಾಗುವುದಕ್ಕಿಂತ ತೊಂದರೆ ಕೊಡುವ ಸಾಧ್ಯತೆಯೇ ಹೆಚ್ಚು. ನನ್ನ ಭಾವನವರಿಗೆ ಹಾಗೆಯೇ ಆಯಿತು.

ಕುಮಾರ ಪರ್ವತದ ಎತ್ತರ 1,712 ಮೀಟರ್. ಕುಕ್ಕೆಯಿಂದ ಬೆಳಗಿನ ಜಾವ ಹೊರಟು, ಗಿರಿಗದ್ದೆಯನ್ನು ದಾಟಿ, ಶಿಖರವನ್ನು ಮುಟ್ಟಿ ಸಂಜೆಗೆ ಕೆಳಗಿಳಿದವನು ಮರುದಿನ ಮನೆಯಲ್ಲಿ ಮಲಗಬಹುದು, ಎಣ್ಣೆ ಹಚ್ಚಿ ಬಿಸಿನೀರಿನ ಸ್ನಾನ ಮಾಡಬಹುದು, ಮೂರು ದಿನ ಮೆಟ್ಟಿಲಿಳಿಯುವಾಗ ಗೋಡೆ ಹಿಡಿದು ಎಲ್ಲರನ್ನೂ ನಗಿಸಬಹುದು. ಹಲವು ದಿನಗಳ ನಡಿಗೆಯಲ್ಲಿ ಆ ಅವಕಾಶವಿಲ್ಲ. ಇಂದು ಎಷ್ಟು ನಡೆದಿರೆಂಬುದಕ್ಕಿಂತ ನಾಳೆ ಬೆಳಿಗ್ಗೆ ಆರು ಗಂಟೆಗೆ ಅದೇ ಚೀಲವನ್ನು ಹೆಗಲಿಗೇರಿಸುವಾಗ ಮೈ ಹೇಗಿರುತ್ತದೆ ಎಂಬುದೇ ಮುಖ್ಯ. ಚೀಲದ ತೂಕ, ಊಟ, ನೀರು, ನಡೆಯುವ ವೇಗ ಎಲ್ಲವನ್ನೂ ಆ ಮರುದಿನದ ಬೆಳಗನ್ನು ಲೆಕ್ಕಕ್ಕೆ ಹಿಡಿದೇ ನಿರ್ಧರಿಸಬೇಕು.

ಮೊದಲು ದಾರಿಯ ವಿವರ. ಸರ್ಕ್ಯೂಟ್ ಆರಂಭವಾಗುವ ಬೇಸಿಸಹರ್ ಕೇವಲ 760 ಮೀಟರ್ ಎತ್ತರದಲ್ಲಿದೆ. ಭತ್ತದ ಗದ್ದೆ, ಬಾಳೆ, ಸೆಕೆ ಎಲ್ಲವೂ ಇರುವ ಊರದು. ಈಗ ಮನಾಂಗ್‌ವರೆಗೂ ಜೀಪಿನ ರಸ್ತೆಯಾಗಿರುವುದರಿಂದ ನಾವು ಜಗತ್‌ವರೆಗೆ ಜೀಪಿನಲ್ಲಿ ಹೋಗಿ ಅಲ್ಲಿಂದ ನಡೆದೆವು. ಕಲ್ಲು ಮರಗಳ ಮೇಲೆ ಕೆಂಪು ಬಿಳಿ ಪಟ್ಟಿಯ ಗುರುತಿರುವ ಕಾಲುದಾರಿಗಳನ್ನು ಹಿಡಿದರೆ ಬಹಳಷ್ಟು ಕಡೆ ರಸ್ತೆಯ ಧೂಳನ್ನು ತಪ್ಪಿಸಬಹುದು. ಧಾರಾಪಾನಿ, ಚಾಮೆ, ಮೇಲಿನ ಪಿಸಾಂಗ್, ಙವಲ್ ಎಂಬ ಊರುಗಳನ್ನು ದಾಟಿ 3,540 ಮೀಟರ್ ಎತ್ತರದ ಮನಾಂಗ್ ತಲುಪಿದ ಮೇಲೆ ಅಲ್ಲಿ ಒಂದು ದಿನ ಹೆಚ್ಚು ಉಳಿಯುವುದು ವಾಡಿಕೆ. ಅನಂತರ ಯಾಕ್ ಖರ್ಕ, ಥೊರಾಂಗ್ ಫೇದಿ, ಕೊನೆಗೆ 5,416 ಮೀಟರ್ ಎತ್ತರದ ಥೊರಾಂಗ್ ಲಾ ಕಣಿವೆದಾರಿ. ಅದನ್ನು ದಾಟಿದ ದಿನವೇ 3,760 ಮೀಟರಿನ ಮುಕ್ತಿನಾಥಕ್ಕೆ ಇಳಿಯಬೇಕು. ಇದು ನಮ್ಮ ಹತ್ತು ದಿನಗಳ ಯೋಜನೆಯಾಗಿತ್ತು. ನಡೆದು ಮುಗಿಸುವಾಗ ಹದಿಮೂರು ದಿನಗಳಾದವು.

ಆ ಮೂರು ದಿನ ಹೇಗೆ ಹೆಚ್ಚಾಯಿತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಭಾವ ನಮ್ಮ ಕಡೆಯ ಒಳ್ಳೆಯ ನಡಿಗೆಯವರು. ಪೊಸಡಿಗುಂಪೆಯನ್ನು ನಾವು ಅರ್ಧ ಏರುವಷ್ಟರಲ್ಲಿ ಅವರು ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡಿರುತ್ತಿದ್ದರು. ಜಗತ್‌ನಿಂದ ಮನಾಂಗ್‌ವರೆಗೂ ಪ್ರತಿದಿನ ಎಲ್ಲರಿಗಿಂತ ಒಂದು ಗಂಟೆ ಮುಂಚಿತವಾಗಿ ಲಾಡ್ಜ್ ಸೇರುತ್ತಿದ್ದರು. ನಮ್ಮ ಗೈಡ್ ದಿನಕ್ಕೆ ಹತ್ತು ಬಾರಿಯಾದರೂ ‘ಬಿಸ್ತಾರೈ, ಬಿಸ್ತಾರೈ’ ಎಂದರೆ ನಿಧಾನ, ನಿಧಾನ ಎನ್ನುತ್ತಿದ್ದುದನ್ನು ಅವರು ನನ್ನನ್ನು ಉದ್ದೇಶಿಸಿದ ಮಾತೆಂದೇ ತಿಳಿದಿದ್ದರು. ಮನಾಂಗ್‌ನ ವಿರಾಮದ ದಿನ ನಾನು ಹತ್ತಿರದ ಗಂಗಾಪೂರ್ಣ ಸರೋವರದ ದಂಡೆಯವರೆಗೆ ಹೋಗಿ ಬಂದು ಬಟ್ಟೆ ಒಗೆದೆ. ಅವರು ಸುಮಾರು 4,600 ಮೀಟರ್ ಎತ್ತರದಲ್ಲಿರುವ ಐಸ್ ಲೇಕ್‌ವರೆಗೆ, ಅಂದರೆ ಸಾವಿರ ಮೀಟರಿಗೂ ಹೆಚ್ಚಿನ ಏರನ್ನು ಓಡುತ್ತ ಹತ್ತಿ ಇಳಿದು ಸಂಜೆ ಬಂದರು. ಅಂದು ರಾತ್ರಿ ಹಸಿವಿಲ್ಲವೆಂದು ಸೂಪ್ ಮಾತ್ರ ಕುಡಿದರು. ಮರುದಿನ ಯಾಕ್ ಖರ್ಕ ತಲುಪುವಾಗ ತಲೆಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಿದ್ದರು. ಲಾಡ್ಜಿನ ಹೊರಗೆ ಕಲ್ಲಿನ ಕಟ್ಟೆಯ ಮೇಲೆ ಕುಳಿತು ಎರಡು ಬಾರಿ ವಾಂತಿ ಮಾಡಿದರು. ಬಿಸಿಲಿನ ತಲೆನೋವು, ಪಿತ್ತ, ರಾತ್ರಿ ಸರಿಯಾಗುತ್ತದೆ ಎಂಬುದು ಅವರ ವಾದ. ಗೈಡ್ ವಾದ ಮಾಡಲಿಲ್ಲ. ಭಾವನವರ ಚೀಲವನ್ನು ತನ್ನ ಎದೆಯ ಮೇಲೆ ನೇತುಹಾಕಿಕೊಂಡು ಕೆಳಗಿನ ದಾರಿ ಹಿಡಿದ. ಮನಾಂಗ್ ತಲುಪುವಷ್ಟರಲ್ಲಿಯೇ ತಲೆನೋವು ಅರ್ಧ ಇಳಿದಿತ್ತು. ಅವರು ಚೇತರಿಸಿಕೊಂಡು ಮತ್ತೆ ಮೇಲೇರುವಷ್ಟರಲ್ಲಿ ಮೂರು ದಿನ ಹೆಚ್ಚಾಯಿತು. ಮನಾಂಗ್‌ನಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಶನ್‌ನವರ ಚಿಕಿತ್ಸಾ ಕೇಂದ್ರವಿದ್ದು, ಚಾರಣದ ಋತುವಿನಲ್ಲಿ ವೈದ್ಯರು ಮಧ್ಯಾಹ್ನದ ಹೊತ್ತು ಗಾಳಿ ತೆಳುವಾದಲ್ಲಿ ಬರುವ ಎತ್ತರದ ಕಾಯಿಲೆಯ ಬಗ್ಗೆ ಚಾರಣಿಗರಿಗೆ ತಿಳಿಹೇಳುತ್ತಾರೆ, ಅದನ್ನು ತಪ್ಪಿಸಬೇಡಿ. ಭಾವ ಅದನ್ನು ಕೇಳಿದ್ದು ಕಾಯಿಲೆ ಬಂದ ಮೇಲೆ.

ಅಲ್ಲಿ ಹೇಳಿದ ಲೆಕ್ಕ ಸರಳವಾದದ್ದು. 3,000 ಮೀಟರ್ ದಾಟಿದ ಮೇಲೆ ನೀವು ಮಲಗುವ ಸ್ಥಳದ ಎತ್ತರ ಒಂದು ರಾತ್ರಿಯಿಂದ ಮತ್ತೊಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಒಂದೇ ಸ್ಥಳದಲ್ಲಿ ಎರಡು ರಾತ್ರಿ ಕಳೆಯಬೇಕು. ತಲೆನೋವಿನ ಜೊತೆಗೆ ವಾಕರಿಕೆಯೋ ವಿಪರೀತ ಸುಸ್ತೋ ಇದ್ದರೆ ಮೇಲೇರಬಾರದು. ಹೆಚ್ಚಾಗುತ್ತಿದ್ದರೆ ರಾತ್ರಿಯಾದರೂ ಸರಿ, ಇಳಿಯಬೇಕು. ನೇರ ಗೆರೆಯ ಮೇಲೆ ಒಂದು ಕಾಲಿನ ಹಿಮ್ಮಡಿಯನ್ನು ಇನ್ನೊಂದು ಕಾಲಿನ ಬೆರಳಿಗೆ ತಾಗಿಸಿ ನಡೆಯುವಾಗ ತಡವರಿಸಿದರೆ, ಅಥವಾ ಸುಮ್ಮನೆ ಕುಳಿತಿದ್ದಾಗಲೂ ಉಸಿರು ಕಟ್ಟಿದರೆ ಅದು ಪ್ರಾಣಾಪಾಯದ ಸೂಚನೆ. ದೇಹದಾರ್ಢ್ಯಕ್ಕೂ ಈ ಕಾಯಿಲೆಗೂ ಸಂಬಂಧವಿಲ್ಲ. ಗಟ್ಟಿಗರು ವೇಗವಾಗಿ ಏರುವುದರಿಂದ ಅವರಿಗೇ ಬೇಗ ತಗಲುವುದುಂಟು. ಡಯಾಮಾಕ್ಸ್ ಎಂದು ಕರೆಯುವ ಅಸಿಟಜೋಲಮೈಡ್ ಮಾತ್ರೆಯನ್ನು ಮುನ್ನೆಚ್ಚರಿಕೆಗಾಗಿ ಸಾಮಾನ್ಯವಾಗಿ 125 ಮಿಲಿಗ್ರಾಂನಂತೆ ದಿನಕ್ಕೆರಡು ಬಾರಿ ಕೊಡುತ್ತಾರೆ, ಆದರೆ ಸಲ್ಫಾ ಔಷಧಿ ಒಗ್ಗದವರು ಇರುವುದರಿಂದ ಊರಿನಲ್ಲಿಯೇ ವೈದ್ಯರನ್ನು ಕೇಳಿಕೊಂಡು ಹೋಗಿ. ನಿಮ್ಮ ಹನ್ನೆರಡು ದಿನಗಳಲ್ಲಿ ಎರಡು ದಿನಗಳನ್ನು ಯಾವುದಕ್ಕೂ ಹಂಚದೆ ಕೈಯಲ್ಲಿಟ್ಟುಕೊಳ್ಳಿ. ನಮ್ಮಲ್ಲಿ ಅಂಥ ದಿನಗಳು ಇಲ್ಲದಿದ್ದುದರಿಂದ ಹಿಂದಿರುಗುವ ರೈಲಿನ ಟಿಕೆಟ್ ವ್ಯರ್ಥವಾಯಿತು.

ಈ ದಾರಿಯಲ್ಲಿ ಹವಾಮಾನಕ್ಕಾಗಿಯೂ ಕೈಯಲ್ಲಿ ದಿನಗಳಿರಬೇಕು. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣದಲ್ಲಿ ದಡಕ್ಕಪ್ಪಳಿಸಿದ ಹುದ್‌ಹುದ್ ಚಂಡಮಾರುತದ ಶೇಷವು ಎರಡೇ ದಿನಗಳಲ್ಲಿ ಥೊರಾಂಗ್ ಲಾದ ಸುತ್ತ ಹಿಮಪಾತವಾಗಿ ಸುರಿದು, ಆ ಪ್ರದೇಶದಲ್ಲಿ 40ಕ್ಕೂ ಹೆಚ್ಚು ಮಂದಿ ಸತ್ತರು. ಬಂಗಾಳ ಕೊಲ್ಲಿಯ ಸುದ್ದಿ ಆ ಬೆಟ್ಟಕ್ಕೂ ಸಂಬಂಧಿಸಿದ್ದೆಂದು ಕರಾವಳಿಯವರಾದ ನಮಗೂ ಮೊದಲು ಹೊಳೆದಿರಲಿಲ್ಲ.

ಇನ್ನು ಚೀಲ. ಹೊರಡುವ ವಾರ ನನ್ನ ಚೀಲವನ್ನು ಅಡಿಕೆ ತೂಗುವ ತಕ್ಕಡಿಗೆ ಹಾಕಿದಾಗ ಹದಿನಾಲ್ಕೂವರೆ ಕಿಲೋ ತೋರಿಸಿತು. ಜಗಲಿಯಲ್ಲಿ ಎಲ್ಲವನ್ನೂ ಹರಡಿ ಒಂದೊಂದನ್ನೇ ತೂಗಿದೆ. ಜೀನ್ಸ್ ಪ್ಯಾಂಟ್, ಎರಡನೆಯ ಜೊತೆ ಶೂ, ಎರಡು ಕಿಲೋ ಅವಲಕ್ಕಿ, ದಪ್ಪ ಟರ್ಕಿ ಟವೆಲ್, ನಾಲ್ಕು ಬನಿಯನ್, ಬೇಕಾದೀತೆಂದು ಹಾಕಿದ ದೊಡ್ಡ ಟಾರ್ಚ್ ಇವೆಲ್ಲ ಹೊರಬಂದವು. ಟವೆಲಿನ ಬದಲು ಒಂದು ತೆಳ್ಳನೆಯ ಬೈರಾಸು ಹೋಯಿತು. ಹಲಸಿನ ಹಪ್ಪಳವನ್ನು ನಾನೇ ತೆಗೆದೆ, ಮಿಡಿ ಉಪ್ಪಿನಕಾಯಿಯನ್ನು ಮಾತ್ರ ಅಮ್ಮ ತೆಗೆಯಲು ಬಿಡಲಿಲ್ಲ. ಕೊನೆಗೆ ನೀರನ್ನು ಬಿಟ್ಟು ಒಂಬತ್ತು ಕಿಲೋಗೆ ಇಳಿಯಿತು. ಈ ದಾರಿಯಲ್ಲಿ ಪ್ರತಿ ರಾತ್ರಿಯೂ ಲಾಡ್ಜ್ ಸಿಗುವುದರಿಂದ ಟೆಂಟ್, ಒಲೆ, ಪಾತ್ರೆಗಳ ಅಗತ್ಯವಿಲ್ಲ. ಆದ್ದರಿಂದ ಹತ್ತು ಕಿಲೋ ದಾಟಿದರೆ ಚೀಲದಲ್ಲಿ ಅನಗತ್ಯವಾದದ್ದೇನೋ ಉಳಿದಿದೆ ಎಂದೇ ತಿಳಿಯಿರಿ.

ಚೀಲ ಕೊಳ್ಳುವಾಗ ಸೊಂಟದ ಪಟ್ಟಿಯನ್ನು ನೋಡಿ ಕೊಳ್ಳಿ. ತೂಕದ ಬಹುಪಾಲು ಸೊಂಟದ ಎಲುಬಿನ ಮೇಲೆ ಕೂರಬೇಕು, ಹೆಗಲಿನ ಪಟ್ಟಿಗಳು ಚೀಲ ಹಿಂದಕ್ಕೆ ವಾಲದಂತೆ ಹಿಡಿದರೆ ಸಾಕು. ಭಾರವಾದ ವಸ್ತುಗಳು ಬೆನ್ನಿಗೆ ಅಂಟಿಕೊಂಡಿರಲಿ. ಮಳೆಗೆ ಹೊರಗಿನ ಹೊದಿಕೆಯೊಂದನ್ನೇ ನಂಬಬಾರದು. ಅಡಿಕೆ ತುಂಬಿಡುವ ಗೋಣಿಯ ಒಳಗೆ ನಾವು ಪ್ಲಾಸ್ಟಿಕ್ ಚೀಲ ಇಳಿಸುವಂತೆಯೇ ಇದಕ್ಕೂ ಇಳಿಸಿ, ಮಲಗುವ ಚೀಲವನ್ನೂ ಒಣ ಬಟ್ಟೆಯನ್ನೂ ಅದರೊಳಗಿಡಬೇಕು.

ಬಟ್ಟೆಯ ವಿಷಯದಲ್ಲಿ ನಮ್ಮ ಊರಿನ ತಿಳಿವಳಿಕೆ ಅಲ್ಲಿ ತಲೆಕೆಳಗಾಗುತ್ತದೆ. ಇಲ್ಲಿಯ ಸೆಕೆಗೆ ಹತ್ತಿಯೇ ಹಿತ. ಅಲ್ಲಿ ಏರುವಾಗ ಬೆವರಿನಿಂದ ತೊಯ್ದ ಹತ್ತಿ ಬನಿಯನ್, ನಿಂತ ಐದೇ ನಿಮಿಷಗಳಲ್ಲಿ ಬೆನ್ನಿಗೆ ಮಂಜುಗಡ್ಡೆ ಒತ್ತಿದಂತಾಗುತ್ತದೆ. ಒಳಗೆ ಬೇಗನೆ ಒಣಗುವ ಅಂಗಿ, ನಡುವೆ ಉಣ್ಣೆ ಅಥವಾ ಫ್ಲೀಸ್, ಮೇಲೆ ಗಾಳಿ ತಡೆಯುವ ಜಾಕೆಟ್, ಸಂಜೆ ಕುಳಿತಿರುವಾಗ ಹಾಕಲು ಗರಿ ತುಂಬಿದ ಕೋಟು ಇಷ್ಟಿದ್ದರೆ ಸಾಕು. ಫೇದಿಯಲ್ಲಿ ರಾತ್ರಿ ಸೊನ್ನೆಗಿಂತ ಬಹಳ ಕೆಳಗಿಳಿಯುತ್ತದೆ. ನೀರಿನ ಬಾಟಲಿಯನ್ನೂ ಮೊಬೈಲನ್ನೂ ಮಲಗುವ ಚೀಲದೊಳಗೇ ಇಟ್ಟುಕೊಳ್ಳದಿದ್ದರೆ ಬೆಳಿಗ್ಗೆ ಒಂದು ಗಡ್ಡೆಕಟ್ಟಿರುತ್ತದೆ, ಇನ್ನೊಂದು ಸತ್ತಿರುತ್ತದೆ.

ಊಟದ ಚಿಂತೆ ಬೇಡ. ದಾಲ್ ಭಾತ್ ಎಂದರೆ ಅನ್ನ, ತೊವ್ವೆ, ಪಲ್ಯ, ಉಪ್ಪಿನಕಾಯಿ. ಸಾಕೆನ್ನುವವರೆಗೆ ಬಡಿಸುತ್ತಾರೆ, ಸಸ್ಯಾಹಾರಿಗಳಿಗೆ ಯಾವ ತೊಡಕೂ ಇಲ್ಲ. ಕುಚ್ಚಿಲಕ್ಕಿಯ ಆಸೆಯನ್ನು ಮಾತ್ರ ಬಿಡಬೇಕು. ಎತ್ತರ ಹೆಚ್ಚಿದಂತೆ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಮನಾಂಗ್‌ನಲ್ಲಿ ಸುಮಾರು 88 ಡಿಗ್ರಿಗೆ ಕುದಿಯುವ ನೀರಿನಲ್ಲಿ ನಮ್ಮ ಅಕ್ಕಿ ಸಂಜೆಯಾದರೂ ಬೇಯದು, ಅಲ್ಲಿಯ ಅಡುಗೆಯವರು ಕುಕ್ಕರ್ ಇಟ್ಟುಕೊಂಡಿರುವುದು ಅದಕ್ಕಾಗಿಯೇ. ಪಿಸಾಂಗ್‌ನ ಲಾಡ್ಜಿನ ಅಡುಗೆಯವನು ಕಣ್ಣೂರಿನ ಹೋಟೆಲೊಂದರಲ್ಲಿ ನಾಲ್ಕು ವರ್ಷ ದುಡಿದವನಂತೆ. ನಮ್ಮ ಮಾತಿನ ನಡುವೆ ‘ಕಾಸರಗೋಡು’ ಕಿವಿಗೆ ಬಿದ್ದದ್ದೇ ಮಲಯಾಳದಲ್ಲಿ ಮಾತಿಗಿಳಿದು, ಅಮ್ಮನ ಮಿಡಿ ಉಪ್ಪಿನಕಾಯಿಯ ಕಾಲುಭಾಗವನ್ನು ತಿಂದು ಮುಗಿಸಿದ. ದಾರಿಯಲ್ಲಿ ಹಿಂದಿ ಬಹುಮಟ್ಟಿಗೆ ನಡೆಯುತ್ತದೆ. ಹಣವನ್ನು ಬೆಟ್ಟ ಹತ್ತುವ ಮೊದಲೇ ನೇಪಾಳಿ ರೂಪಾಯಿಗೆ ಬದಲಾಯಿಸಿಕೊಳ್ಳಿ. ನಮ್ಮ 100 ರೂಪಾಯಿಗೆ ಅಲ್ಲಿ 160. ಭಾರತೀಯರಿಗೆ ವೀಸಾ ಬೇಡ, ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಸಾಕು. 2023ರ ಏಪ್ರಿಲ್‌ನಿಂದ ವಿದೇಶಿ ಚಾರಣಿಗರು ಗೈಡ್ ಇಟ್ಟುಕೊಳ್ಳಬೇಕೆಂಬ ನಿಯಮ ಬಂದಿದೆ. ನಿಯಮವಿಲ್ಲದಿದ್ದರೂ ಇಟ್ಟುಕೊಳ್ಳಿ ಎನ್ನುತ್ತೇನೆ, ಕಾರಣವನ್ನು ಮೇಲೆ ಹೇಳಿದ್ದೇನೆ.

ತಯಾರಿಗೆ ಮೂರು ತಿಂಗಳು ಬೇಕು, ಜಿಮ್ ಬೇಡ. ನಮ್ಮ ಮನೆ ಗುಡ್ಡೆಯ ನಡುವೆ ಇದೆ. ಕೆಳಗೆ ತೋಟ, ಮೇಲೆ ನೀರಿಗಾಗಿ ಗುಡ್ಡೆಗೆ ಕೊರೆದ ಸುರಂಗದ ಬಾಯಿ, ಅದಕ್ಕೂ ಮೇಲೆ ಪದವು, ಅಂದರೆ ಗುಡ್ಡೆಯ ತಲೆಯ ಬಯಲು. ಮೊದಲ ತಿಂಗಳು ಚೀಲದಲ್ಲಿ ಆರು ಸುಲಿದ ತೆಂಗಿನಕಾಯಿ ಹಾಕಿ ತೋಟದಿಂದ ಪದವಿನವರೆಗೆ ಹತ್ತಿ ಇಳಿಯುತ್ತಿದ್ದೆ, ಮೂರನೆಯ ತಿಂಗಳಿಗೆ ಕಾಯಿಗಳು ಹದಿನಾರಾದವು. ಇದರಲ್ಲಿ ಎರಡು ವಿಷಯಗಳು ಮುಖ್ಯ. ಒಂದು, ವಾರಕ್ಕೊಮ್ಮೆ ದೀರ್ಘವಾಗಿ ನಡೆಯುವುದಕ್ಕಿಂತ ಮೂರು ನಾಲ್ಕು ದಿನ ಬಿಡದೆ ನಡೆಯುವುದು. ಕುಮಾರ ಪರ್ವತಕ್ಕೂ ಅರಣ್ಯ ಇಲಾಖೆಯ ಅನುಮತಿ ಪಡೆದು ಇನ್ನೊಮ್ಮೆ ಹೋಗಿ, ಈ ಬಾರಿ ಪೂರ್ತಿ ಚೀಲದೊಂದಿಗೆ. ಮರುದಿನ ಬೆಳಿಗ್ಗೆ ಅದೇ ಚೀಲ ಹೊತ್ತು ರಾಣಿಪುರಂ ಹತ್ತಿ ನೋಡಿ. ನಿಮ್ಮ ಪ್ರಶ್ನೆಗೆ ಆ ಎರಡನೆಯ ದಿನ ಸಿಗುವ ಉತ್ತರ ನನ್ನ ಉತ್ತರಕ್ಕಿಂತ ನಂಬಲರ್ಹ. ಎರಡು, ಏರುವುದಕ್ಕಿಂತ ಇಳಿಯುವುದನ್ನು ಹೆಚ್ಚು ಅಭ್ಯಾಸ ಮಾಡುವುದು. ಥೊರಾಂಗ್ ಲಾದಿಂದ ಮುಕ್ತಿನಾಥಕ್ಕೆ ಒಂದೇ ಇಳಿಜಾರಿನಲ್ಲಿ 1,600 ಮೀಟರಿಗೂ ಹೆಚ್ಚು ಇಳಿಯಬೇಕು. ಅಲ್ಲಿ ಸೋಲುವುದು ಉಸಿರಲ್ಲ, ಮೊಣಕಾಲು. ಚೀಲ ಹೊತ್ತು ಮುರಕಲ್ಲಿನ ಮೆಟ್ಟಿಲುಗಳನ್ನು ಮಂಡಿ ಸ್ವಲ್ಪ ಬಾಗಿಸಿಕೊಂಡು, ಸದ್ದಾಗದಂತೆ ಇಳಿಯಲು ಕಲಿಯಿರಿ. ಊರುಗೋಲು ಎರಡೂ ಕೈಗಳಿಗಿರಲಿ.

ಪಾದಗಳ ಬಗ್ಗೆ ಒಂದು ಮಾತು ಉಳಿಯಿತು. ಹೊಸ ಶೂ ಹಾಕಿಕೊಂಡು ಹೋಗಬೇಡಿ, ಹೊಸ ಕಾಲುಚೀಲವನ್ನೂ ಬೇಡ. ಚಾಮೆಯ ದಾರಿಯಲ್ಲಿ ನನ್ನ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದದ್ದು ಹೊಸ ಕಾಲುಚೀಲದಿಂದ. ಉರಿ ಆರಂಭವಾದ ಕೂಡಲೇ ನಿಂತು ಟೇಪ್ ಅಂಟಿಸಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು, ಮುಂದಿನ ಊರು ಬರಲಿ ಎಂದು ನಡೆದದ್ದಕ್ಕೆ ನಾಲ್ಕು ದಿನ ಕುಂಟಿದೆ. ಶೂ ಬೆರಳುಗಳ ಮುಂದೆ ಸ್ವಲ್ಪ ಜಾಗ ಬಿಡುವಂತಿರಲಿ ಮತ್ತು ಕಣಿವೆದಾರಿ ದಾಟುವ ಹಿಂದಿನ ಸಂಜೆ ಕಾಲಿನ ಉಗುರುಗಳನ್ನು ಕತ್ತರಿಸಿಕೊಳ್ಳಿ. ಫೇದಿಯಲ್ಲಿ ಗೈಡ್ ಉಗುರುಕತ್ತರಿಯನ್ನು ಎಲ್ಲರ ಕೈಗೂ ದಾಟಿಸಿದಾಗ ನಾನು ಕತ್ತರಿಸಿಕೊಂಡೆ. ಭಾವ ಚಳಿಗೆ ಕಾಲುಚೀಲ ತೆಗೆಯಲು ಬೇಸರಪಟ್ಟು ಬಿಟ್ಟರು. ಅವರ ಎಡಗಾಲಿನ ಹೆಬ್ಬೆರಳಿಗೆ ಹೊಸ ಉಗುರು ಪೂರ್ತಿ ಬರುವಾಗ ಮರುವರ್ಷದ ಅಡಿಕೆ ಕೊಯ್ಲು ಮುಗಿದಿತ್ತು.