ಐರಿಶ್ ಸೆಷನ್‌ಗೆ ಹೊಸಬರು ಹೋಗಿ ನುಡಿಸಬಹುದಾ?

ಆರಾಮಾಗಿ ನುಡಿಸಬಹುದು, ಆದ್ರೆ ಮೊದಲನೇ ದಿನ ಸುಮ್ನೆ ಕೂತು ಕೇಳಿ. ಸೆಷನ್ ಅಂದ್ರೆ ಐರಿಶ್ ಜಾನಪದ ಟ್ಯೂನ್‌ಗಳನ್ನ ಜೊತೆಗೂಡಿ ನುಡಿಸೋ ಕೂಟ, ಸಂಗೀತ ಕಚೇರಿ ಅಲ್ಲ, ಸ್ಟೇಜ್ ಇರಲ್ಲ, ಐರ್ಲೆಂಡಿನ ಕ್ಲೇರ್ ಕೌಂಟಿಯ ಡೂಲಿನ್ ಥರದ ಊರಲ್ಲಿ ಪಬ್ಬಿನ ಮೂಲೇಲಿ ಟೇಬಲ್ ಸುತ್ತ ಫಿಡಲ್, ಕೊಳಲು, ಟಿನ್ ವಿಸಲ್, ಕಾನ್ಸರ್ಟಿನಾ (ಕೈಯಲ್ಲಿ ಹಿಡಿದು ಒತ್ತಿ ಎಳೆದು ನುಡಿಸೋ ಪುಟ್ಟ ತಿದಿ ವಾದ್ಯ) ಹಿಡ್ಕೊಂಡು ಕೂತಿರ್ತಾರೆ, ನಡುನಡುವೆ ಹರಟೆ ಬೇರೆ. ಯಾರೋ ಒಬ್ರು ಟ್ಯೂನ್ ಎತ್ಕೋತಾರೆ, ಗೊತ್ತಿದ್ದೋರು ಸೇರ್ಕೋತಾರೆ, ಹೆಚ್ಚುಕಮ್ಮಿ ಎಲ್ರೂ ನುಡಿಸೋದು ಅದೇ ಮೆಲಡಿನ. ಸಾಮಾನ್ಯವಾಗಿ ಟ್ಯೂನಲ್ಲಿ 8 ಬಾರ್‌ನ (ಬಾರ್ ಅಂದ್ರೆ ತಾಳದ ಒಂದು ಆವರ್ತನೆ ಥರ) 2 ಭಾಗ, ಒಂದೊಂದೂ ಎರಡೆರಡು ಸಲ, ಒಟ್ಟು 32 ಬಾರ್, ಅದನ್ನ ಎರಡ್ಮೂರು ಸುತ್ತು ನುಡಿಸಿ ನಿಲ್ಲಿಸದೇ ಇನ್ನೊಂದು ಟ್ಯೂನ್‌ಗೆ ಜಾರಿಬಿಡ್ತಾರೆ, ಹೊಸಬರು ತಬ್ಬಿಬ್ಬಾಗೋದು ಅಲ್ಲೇ. ರೀಲ್, ಜಿಗ್ ಅಂದ್ರೆ ಕುಣಿತದ ಟ್ಯೂನ್‌ಗಳು: ರೀಲ್ 4/4 (ಒಂದು ಬಾರ್‌ಗೆ ನಾಲ್ಕು ಎಣಿಕೆ), ಜಿಗ್ 6/8 (ಕರ್ನಾಟಕ ಸಂಗೀತ ಕಲ್ತಿದ್ರೆ ತಿಸ್ರ ನಡೆ ಅಂದ್ಕೊಳ್ಳಿ). ಡಿ ಮತ್ತೆ ಜಿ ಸ್ಕೇಲಿನವು ಜಾಸ್ತಿ, ಅಲ್ಲಿಂದ ಶುರು ಮಾಡಿ. ನೋಟೇಶನ್ ಹಾಳೆ ಎದುರಿಗೆ ಇಟ್ಕೊಂಡು ನುಡಿಸೋದು ಅಷ್ಟು ಚೆನ್ನಾಗಿ ಕಾಣಲ್ಲ, ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಆದ್ರೆ ನುಡಿಸೋರ ಒಪ್ಪಿಗೆ ಕೇಳಿಬಿಟ್ಟು. ಬೌರಾನ್ ಡ್ರಮ್ ಒಬ್ರು ಬಾರಿಸ್ತಿದ್ರೆ ನೀವೂ ಇನ್ನೊಂದು ತೆಗೀಬೇಡಿ, ಗಿಟಾರಿಗೂ ಇದೇ ಮಾತು, ಇಬ್ರು ಬೇರೆ ಬೇರೆ ಕಾರ್ಡ್ (ಒಟ್ಟಿಗೆ ಮೀಟೋ ಸ್ವರಗಳ ಗುಂಪು) ಹಾಕಿದ್ರೆ ಕೇಳೋಕಾಗಲ್ಲ. ಗೊತ್ತಿಲ್ಲದ ಟ್ಯೂನ್ ಬಂದಾಗ ಕೈಕಟ್ಟಿ ಕೂತ್ರೆ ಯಾರೂ ಏನೂ ಅಂದ್ಕೊಳ್ಳಲ್ಲ.