ಡಯಟ್ ಬಿಟ್ಟಿಲ್ಲ, ವ್ಯಾಯಾಮ ತಪ್ಪಿಸಿಲ್ಲ, ಆದರೂ ತೂಕ ಯಾಕೆ ನಿಂತಿದೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಮೊದಲು ತೂಕ ಚೆನ್ನಾಗಿ ಇಳಿಯಿತು, ಈಗ ನಿಂತುಬಿಟ್ಟಿದೆ. ಹಿಂದೆಯೂ ಇದಕ್ಕೆ ಚುಟುಕಾಗಿ ಉತ್ತರ ಕೊಟ್ಟಿದ್ದೆ. ಅದು ಸಾಲಲಿಲ್ಲ ಅಂತ ಕಾಣುತ್ತದೆ. ಈಗ ಪ್ರಶ್ನೆಯ ಜೊತೆಗೆ ಯಾರೋ ಹೇಳಿಕೊಟ್ಟ ಪುಡಿ, ಕ್ಯಾಪ್ಸೂಲುಗಳ ಹೆಸರೂ ಬರುತ್ತಿದೆ. ಓದಿದರೆ ಸಿಟ್ಟು ಬರುತ್ತದೆ, ಭಯವೂ ಆಗುತ್ತದೆ. ಹಾಗಾಗಿ ಇವತ್ತಿನ ಹೆಚ್ಚಿನ ಜಾಗ ಒಂದೇ ಪ್ರಶ್ನೆಗೆ. ಕಡಿಮೆ ತಿನ್ನಿ, ಹೆಚ್ಚು ಓಡಾಡಿ ಅನ್ನುವ ಪಾಠ ಇಲ್ಲಿ ಇರುವುದಿಲ್ಲ. ಅದು ನಿಮಗೆಲ್ಲ ಗೊತ್ತಿದೆ.

ಪ್ರಶ್ನೆ: ನನಗೆ 41 ವರ್ಷ. 92 ಕೆ.ಜಿ. ಇದ್ದೆ, ಐದು ತಿಂಗಳಲ್ಲಿ 81ಕ್ಕೆ ಬಂದೆ. ಏಳು ವಾರದಿಂದ ತೂಕ ಅಲ್ಲಾಡುತ್ತಿಲ್ಲ. ದಿನಕ್ಕೆ 1,400 ಕ್ಯಾಲೊರಿ ಮಾತ್ರ ತಿನ್ನುತ್ತೇನೆ. ವಾರಕ್ಕೆ ಐದು ದಿನ ಜಿಮ್‌ಗೆ ಹೋಗುತ್ತೇನೆ. ನನ್ನ ಮೆಟಬಾಲಿಸಂ ಸತ್ತುಹೋಗಿದೆ, ಇನ್ನು ಊಟವನ್ನು ಅರ್ಧ ಮಾಡಬೇಕು ಅಂತ ಟ್ರೇನರ್ ಹೇಳುತ್ತಾರೆ. ಮಾಡಲೇ?

ಉತ್ತರ: ಮಾಡಬೇಡಿ. 1,400ರ ಅರ್ಧ ಅಂದರೆ 700. ದಿನಕ್ಕೆ 800 ಕ್ಯಾಲೊರಿಗಿಂತ ಕಡಿಮೆ ಊಟವನ್ನು ಡಾಕ್ಟರ ನಿಗಾ ಇಲ್ಲದೆ ಯಾರೂ ಮಾಡಬಾರದು. ಸ್ನಾಯು ಕರಗುತ್ತದೆ, ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆ ಹೆಚ್ಚುತ್ತದೆ. ಜಿಮ್‌ನಲ್ಲಿ ನಿಂತು ಇಂಥ ಸಲಹೆ ಕೊಡುವವರು ಅದರ ಪರಿಣಾಮ ನೋಡಲು ಆಸ್ಪತ್ರೆಗೆ ಬರುವುದಿಲ್ಲ.

ಇನ್ನು ಮೆಟಬಾಲಿಸಂ, ಅಂದರೆ ದೇಹ ಶಕ್ತಿ ಖರ್ಚು ಮಾಡುವ ಕ್ರಿಯೆ, ಸಾಯುವ ಮಾತು. ಅದು ಸಾಯುವುದಿಲ್ಲ, ಸ್ವಲ್ಪ ನಿಧಾನವಾಗುತ್ತದೆ ಅಷ್ಟೇ. 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಅವರ ದೇಹ ಖರ್ಚನ್ನು ತುಂಬಾ ತಗ್ಗಿಸಿಕೊಂಡಿತು. ಆದರೂ ಅವರು ಸುಮಾರು ಕಾಲು ಭಾಗದಷ್ಟು ತೂಕ ಕಳೆದುಕೊಂಡರು. ನಿಜವಾಗಿಯೂ ಕಡಿಮೆ ತಿನ್ನುತ್ತಿರುವ ದೇಹ ಕೊಬ್ಬನ್ನು ಹಾಗೇ ಉಳಿಸಿಕೊಂಡು ಕೂರಲು ಸಾಧ್ಯವಿಲ್ಲ.

ಹಾಗಾದರೆ ನಿಮ್ಮ ತೂಕ ನಿಂತದ್ದು ಯಾಕೆ? ಮೊದಲ ಕಾರಣ ಸರಳ. ಸದಾ 11 ಕೆ.ಜಿ.ಯ ಚೀಲ ಹೊತ್ತು ಓಡಾಡುತ್ತಿದ್ದವರು ಅದನ್ನು ಕೆಳಗಿಟ್ಟಂತೆ ಆಗಿದೆ ನಿಮ್ಮ ಸ್ಥಿತಿ. ಅದೇ ನಡಿಗೆಗೆ, ಅದೇ ಮೆಟ್ಟಿಲಿಗೆ ಈಗ ಕಡಿಮೆ ಶಕ್ತಿ ಸಾಕು. ಇಳಿದ ಒಂದೊಂದು ಕೆ.ಜಿ.ಗೂ ದೇಹದ ಖರ್ಚು ದಿನಕ್ಕೆ 20ರಿಂದ 30 ಕ್ಯಾಲೊರಿ ತಗ್ಗುತ್ತದೆ. ನಿಮ್ಮ ಲೆಕ್ಕದಲ್ಲಿ ಅದು 220ರಿಂದ 330. ಐದು ತಿಂಗಳ ಹಿಂದೆ ತೂಕ ಇಳಿಸಿದ ಊಟ ಇವತ್ತು ಅಷ್ಟೇ ಇಳಿಸುವುದಿಲ್ಲ. ಜೊತೆಗೆ ಕಡಿಮೆ ತಿನ್ನುವವರು ಗೊತ್ತಿಲ್ಲದೇ ಕಡಿಮೆ ಓಡಾಡುತ್ತಾರೆ. ಜಿಮ್‌ನಲ್ಲಿ ಒಂದು ಗಂಟೆ ಬೆವರು ಸುರಿಸಿ, ಉಳಿದ ಹೊತ್ತೆಲ್ಲ ಕುರ್ಚಿಯಲ್ಲೇ ಕಳೆದರೆ ಗಳಿಸಿದ್ದರಲ್ಲಿ ಅರ್ಧ ಹೋಯಿತು.

ಎರಡನೆಯದು ಹಸಿವು. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಅದೇ ನನಗೆ ಬೇಸರ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ತಂಡ 2016ರಲ್ಲಿ ಒಂದು ಲೆಕ್ಕ ಪ್ರಕಟಿಸಿತು. ಇಳಿದ ಪ್ರತಿ ಕೆ.ಜಿ.ಗೆ ದೇಹ ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಹೆಚ್ಚು ಊಟ ಕೇಳುತ್ತದೆ. ಖರ್ಚು ತಗ್ಗಿದ್ದಕ್ಕಿಂತ ಇದು ಮೂರು ನಾಲ್ಕು ಪಟ್ಟು ಜಾಸ್ತಿ. 11 ಕೆ.ಜಿ. ಇಳಿಸಿದವರ ದೇಹ ದಿನವೂ ಸಾವಿರ ಕ್ಯಾಲೊರಿಯಷ್ಟು ಹೆಚ್ಚು ತಿನ್ನು ಅಂತ ಒತ್ತಾಯ ಮಾಡುತ್ತಿರುತ್ತದೆ. ತೂಕ ಇಳಿಸಿ ಒಂದು ವರ್ಷವಾದ ಮೇಲೂ ಹಸಿವಿನ ಹಾರ್ಮೋನುಗಳು ಹಳೆಯ ಮಟ್ಟಕ್ಕೆ ಮರಳಿರುವುದಿಲ್ಲ ಅಂತ 2011ರ ಇನ್ನೊಂದು ಅಧ್ಯಯನ ತೋರಿಸಿದೆ. ಇದು ನಿಮ್ಮ ಸೋಮಾರಿತನ ಅಲ್ಲ, ಮನಸ್ಸು ಗಟ್ಟಿ ಇಲ್ಲದ್ದರಿಂದ ಆದದ್ದೂ ಅಲ್ಲ. ಮನೆಯವರು ಹಾಗೆ ಹೇಳಿದರೆ ಈ ಸಾಲುಗಳನ್ನು ಓದಿ ತೋರಿಸಿ.

ಇಷ್ಟು ಒತ್ತಡ ಇರುವಾಗ ಊಟ ಗೊತ್ತಾಗದಂತೆ ಹೆಚ್ಚುತ್ತದೆ. ಇಲ್ಲಿ ನಿಮಗೆ ಬೇಜಾರಾಗುವ ಮಾತು ಹೇಳಬೇಕು. ನೀವು ತಿನ್ನುತ್ತಿರುವುದು ಬಹುಶಃ 1,400 ಅಲ್ಲ. 1992ರಲ್ಲಿ, ಎಷ್ಟು ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ ಎನ್ನುತ್ತಿದ್ದವರ ನಿಜವಾದ ಖರ್ಚನ್ನು ವಿಶೇಷ ನೀರು ಕುಡಿಸಿ ಅಳೆಯುವ ವಿಧಾನದಿಂದ ಲೆಕ್ಕ ಹಾಕಿದರು. ಅವರ ಮೆಟಬಾಲಿಸಂ ಸರಿಯಾಗಿಯೇ ಇತ್ತು. ತಿಂದದ್ದನ್ನು ಸರಾಸರಿ ಶೇ. 47ರಷ್ಟು ಕಡಿಮೆ, ಮಾಡಿದ ಚಟುವಟಿಕೆಯನ್ನು ಶೇ. 51ರಷ್ಟು ಹೆಚ್ಚು ಅಂತ ಬರೆದಿದ್ದರು. ಅವರು ಸುಳ್ಳರಾಗಿರಲಿಲ್ಲ. ಕಣ್ಣಳತೆ ಹಾಗೆಯೇ ಮೋಸ ಮಾಡುತ್ತದೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇದೆ. ಕೈ ಸ್ವಲ್ಪ ಸಡಿಲವಾದರೆ ಅದು ಎರಡು ಚಮಚ. ಅಡುಗೆ ಮಾಡುವಾಗ ನೋಡಿದ ರುಚಿ, ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದು, ಆಗಾಗ ಕುಡಿದ ಸಿಹಿ ಪಾನೀಯ, ಇವನ್ನು ಯಾರು ಬರೆಯುತ್ತಾರೆ?

ರಜಾ ದಿನಗಳ ಲೆಕ್ಕವನ್ನೂ ನೋಡಿ. ಐದು ದಿನ 400ರಂತೆ ಕಡಿಮೆ ತಿಂದರೆ 2,000 ಉಳಿಯಿತು. ಉಳಿದೆರಡು ದಿನ ತಲಾ 1,000 ಹೆಚ್ಚು ತಿಂದರೆ ಅಷ್ಟೂ ಹೋಯಿತು. ವಾರವಿಡೀ ಕಷ್ಟಪಟ್ಟ ನೆನಪು ಮಾತ್ರ ಉಳಿಯುತ್ತದೆ. ಟ್ರೆಡ್‌ಮಿಲ್ಲೋ ಕೈಗಡಿಯಾರವೋ 500 ಕ್ಯಾಲೊರಿ ಸುಟ್ಟಿತು ಅಂತ ತೋರಿಸಿದರೆ ಅದನ್ನು ನಂಬಿ ಅಷ್ಟು ಹೆಚ್ಚು ತಿನ್ನಬೇಡಿ. ಆ ಅಂಕಿ ಅಂದಾಜಿನದ್ದು.

ಮೂರನೆಯದು ನೀರು. ಮೊದಲೆರಡು ವಾರ ತೂಕ ಸರ್ರನೆ ಇಳಿದಿತ್ತು ಅಲ್ವಾ? ಅದರಲ್ಲಿ ದೊಡ್ಡ ಪಾಲು ನೀರೇ. ಗ್ಲೈಕೋಜನ್ ಅಂದರೆ ದೇಹ ಕೂಡಿಟ್ಟ ಸಕ್ಕರೆ. ಅದು ಒಂದು ಗ್ರಾಂ ಇದ್ದರೆ ಅದರ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ. ಅದು ಖಾಲಿಯಾದಾಗ ನೀರೂ ಹೋಗುತ್ತದೆ. ಹಾಗೆಯೇ ಉಪ್ಪು ಜಾಸ್ತಿಯಾದ ದಿನ, ಮುಟ್ಟಿನ ಮುಂಚಿನ ದಿನಗಳಲ್ಲಿ, ಹೊಸದಾಗಿ ಭಾರ ಎತ್ತಲು ಶುರು ಮಾಡಿದಾಗ ನೀರು ನಿಂತು ಕರಗಿದ ಕೊಬ್ಬನ್ನು ಮರೆಮಾಡುತ್ತದೆ. ಅದಕ್ಕೇ ನಾಲ್ಕು ವಾರದೊಳಗೆ ತೂಕ ನಿಂತಿದೆ ಎನ್ನುವವರಿಗೆ ಕಾಯಿರಿ ಅಂತಲೇ ಹೇಳುತ್ತೇನೆ. ನಿಮ್ಮದು ಏಳು ವಾರ. ಸೊಂಟದ ಅಳತೆಯೂ ಇಳಿದಿಲ್ಲ ಅಂದರೆ ಇದು ಬರೀ ನೀರಲ್ಲ.

ಈಗ ಮಾಡಬೇಕಾದ್ದು. ಎರಡು ವಾರ ಊಟದಲ್ಲಿ ಏನೂ ಬದಲಾಯಿಸಬೇಡಿ. ಬಾಯಿಗೆ ಹೋಗುವುದನ್ನೆಲ್ಲ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆಯಿರಿ. ಎಣ್ಣೆ ಕೂಡ, ರಜಾ ದಿನ ಕೂಡ. ಬೆಳಿಗ್ಗೆ ಎದ್ದ ಕೂಡಲೇ ತೂಕ ನೋಡಿ, ಏಳು ದಿನದ ಸರಾಸರಿಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಬಹಳ ಜನರಿಗೆ ಉತ್ತರ ಇಲ್ಲೇ ಸಿಗುತ್ತದೆ. ನಂತರವೂ ಸರಾಸರಿ ನಿಂತಿದ್ದರೆ ಬರೆದಿಟ್ಟ ಲೆಕ್ಕದಿಂದ ದಿನಕ್ಕೆ 150ರಿಂದ 200 ಕ್ಯಾಲೊರಿ ತೆಗೆಯಿರಿ. ಎಣ್ಣೆ, ಸಕ್ಕರೆ, ಪಾನೀಯದಿಂದ ತೆಗೆಯಿರಿ, ಪ್ರೋಟೀನ್‌ನಿಂದ ಬೇಡ. ಪ್ರೋಟೀನ್ ದಿನಕ್ಕೆ ಸುಮಾರು 100 ಗ್ರಾಂ ಇರಲಿ. ಹೊಟ್ಟೆ ತುಂಬಿದಂತಿರುತ್ತದೆ, ಸ್ನಾಯು ಉಳಿಯುತ್ತದೆ. ಕಿಡ್ನಿ ತೊಂದರೆ ಇದ್ದವರು ಮಾತ್ರ ಈ ಮಾತನ್ನು ಡಾಕ್ಟರನ್ನು ಕೇಳದೆ ಪಾಲಿಸಬಾರದು. ಐದು ದಿನದ ಜಿಮ್‌ನಲ್ಲಿ ಎರಡು ಮೂರು ದಿನ ಭಾರ ಎತ್ತುವುದಕ್ಕೆ ಇಡಿ. ಉಳಿದ ಹೊತ್ತಿನ ನಡಿಗೆ ಹೆಚ್ಚಿಸಿ. ನಿದ್ದೆಗೆಟ್ಟರೆ ಹಸಿವು ಹೆಚ್ಚುತ್ತದೆ, ಅದನ್ನೂ ನೋಡಿಕೊಳ್ಳಿ.

ನೀವು ತೆಗೆದುಕೊಳ್ಳುವ ಮಾತ್ರೆಗಳ ಬಗ್ಗೆ ಬರೆದಿಲ್ಲ. ಸ್ಟೀರಾಯ್ಡ್, ಇನ್ಸುಲಿನ್, ಸಕ್ಕರೆ ಕಾಯಿಲೆಯ ಕೆಲವು ಮಾತ್ರೆ, ಫಿಟ್ಸ್, ಖಿನ್ನತೆ ಮತ್ತು ಮಾನಸಿಕ ಕಾಯಿಲೆಯ ಕೆಲವು ಔಷಧಿಗಳು ತೂಕ ಹೆಚ್ಚಿಸುತ್ತವೆ. ಇವುಗಳಲ್ಲಿ ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಪಟ್ಟಿ ಮಾಡಿ ನಿಮ್ಮ ಡಾಕ್ಟರಿಗೆ ತೋರಿಸಿ.

ನನ್ನ ಸ್ವಂತ ಅಭಿಪ್ರಾಯ ಒಂದಿದೆ. ಐದು ತಿಂಗಳು ಬಿಡದೆ ಡಯಟ್ ಮಾಡಿ ದಣಿದಿದ್ದರೆ ಎರಡು ಮೂರು ವಾರ 81ರಲ್ಲೇ ನಿಲ್ಲಿ. ತೂಕ ಏರದಷ್ಟು, ಇಳಿಯದಷ್ಟು ತಿನ್ನಿ. ಇದರಿಂದ ಮುಂದೆ ವೇಗವಾಗಿ ಇಳಿಯುತ್ತದೆ ಅಂತ ಭರವಸೆ ಕೊಡುವುದಿಲ್ಲ, ಅಧ್ಯಯನಗಳ ಫಲಿತಾಂಶ ಒಂದೇ ತರ ಇಲ್ಲ. ಆದರೆ ಬೇಸತ್ತು ಎಲ್ಲ ಕೈಬಿಡುವುದಕ್ಕಿಂತ ಇದು ಸಾವಿರ ಪಾಲು ವಾಸಿ. ನೀವು ಆಗಲೇ ಶೇ. 12ರಷ್ಟು ತೂಕ ಇಳಿಸಿದ್ದೀರಿ. ಶೇ. 5ರಿಂದ 10 ಇಳಿದರೇ ಬಿ.ಪಿ., ಸಕ್ಕರೆ, ಲಿವರಿನ ಕೊಬ್ಬು ಸುಧಾರಿಸುತ್ತವೆ. ಆ ಲಾಭ ನಿಮಗೆ ಸಿಕ್ಕಾಗಿದೆ, ಅದನ್ನು ಕಳೆದುಕೊಳ್ಳಬೇಡಿ.

ಪ್ರಶ್ನೆ: ಹೊಟ್ಟೆಯ ಬೊಜ್ಜು ಮಾತ್ರ ಕರಗಿಸುವ ವ್ಯಾಯಾಮ ಹೇಳಿ.

ಉತ್ತರ: ಅಂಥದ್ದು ಇಲ್ಲ.

ಪ್ರಶ್ನೆ: ವಾರಕ್ಕೊಂದು ದಿನ ಮನಸಾರೆ ತಿಂದರೆ ಮೆಟಬಾಲಿಸಂ ಎಚ್ಚರವಾಗುತ್ತದಂತೆ, ಹೌದೇ?

ಉತ್ತರ: ಇಲ್ಲ. ಮೇಲೆ ಬರೆದ ರಜಾ ದಿನಗಳ ಲೆಕ್ಕವನ್ನು ಇನ್ನೊಮ್ಮೆ ಓದಿ.

ಪ್ರಶ್ನೆ: ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೇನೆ. ವರ್ಷವಾಯಿತು, ಈಗ ತೂಕ ನಿಂತಿದೆ. ಡೋಸ್ ನಾನೇ ಹೆಚ್ಚಿಸಿಕೊಳ್ಳಬಹುದೇ?

ಉತ್ತರ: ಖಂಡಿತ ಬೇಡ. ಈ ಔಷಧಿಗಳಲ್ಲೂ ಒಂದು ವರ್ಷದ ಆಸುಪಾಸಿನಲ್ಲಿ ತೂಕ ನಿಲ್ಲುವುದು ಸಾಮಾನ್ಯ. ಡೋಸ್ ನಿಮ್ಮ ಡಾಕ್ಟರ್ ಹೇಳಲಿ.

ಪ್ರಶ್ನೆ: ನನ್ನ ಥೈರಾಯ್ಡ್ ರಿಪೋರ್ಟ್ ನಾರ್ಮಲ್. ಆದರೂ ಅಕ್ಕನ ಥೈರಾಯ್ಡ್ ಮಾತ್ರೆ ತಿಂದರೆ ತೂಕ ಇಳಿಯುತ್ತದೆಯೇ?

ಉತ್ತರ: ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದು ನನಗೆ ಆತಂಕದ ವಿಷಯ. ಹಾರ್ಮೋನ್ ಕೊರತೆ ಇಲ್ಲದವರು ಈ ಮಾತ್ರೆ ತಿಂದರೆ ಎದೆ ಬಡಿತ ತಪ್ಪಬಹುದು, ಮೂಳೆ ಸವೆಯಬಹುದು. ಥೈರಾಯ್ಡ್ ಕೊರತೆ ಇರುವವರಲ್ಲೂ ಅದರಿಂದ ಏರುವ ತೂಕ ಸಾಮಾನ್ಯವಾಗಿ 2ರಿಂದ 5 ಕೆ.ಜಿ. ಅದರಲ್ಲೂ ಹೆಚ್ಚಿನದು ಉಪ್ಪು ಮತ್ತು ನೀರು. ಮಾತ್ರೆಯನ್ನು ಅಕ್ಕನಿಗೆ ವಾಪಸ್ ಕೊಡಿ.

ಪ್ರಶ್ನೆ: ಕೊಬ್ಬು ಕರಗಿಸುವ ಗಿಡಮೂಲಿಕೆ ಕ್ಯಾಪ್ಸೂಲನ್ನು ಆನ್‌ಲೈನ್‌ನಲ್ಲಿ ತರಿಸಿದ್ದೇನೆ. ಅಡ್ಡ ಪರಿಣಾಮ ಇಲ್ಲ ಅಂತ ಬರೆದಿದ್ದಾರೆ. ಒಂದೇ ವಾರದಲ್ಲಿ ಹಸಿವೇ ಹೋಗಿದೆ. ಮುಂದುವರಿಸಲೇ?

ಉತ್ತರ: ಒಂದೇ ವಾರದಲ್ಲಿ ಹಸಿವು ಹೋಯಿತು ಅನ್ನುವುದೇ ನನಗೆ ಭಯ ತರುತ್ತಿದೆ. ಸಿಬುಟ್ರಮಿನ್ ಅನ್ನುವ ಔಷಧಿ ಹಸಿವು ತಗ್ಗಿಸುತ್ತಿತ್ತು. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತದೆ ಅಂತ ಗೊತ್ತಾಗಿ 2010ರಲ್ಲಿ ಅದನ್ನು ಯುರೋಪ್, ಅಮೆರಿಕಗಳಲ್ಲಿ ಮಾರುಕಟ್ಟೆಯಿಂದ ತೆಗೆದರು. ಅದನ್ನೇ ಗುಟ್ಟಾಗಿ ಬೆರೆಸಿ ಗಿಡಮೂಲಿಕೆ ಅಂತ ಮಾರುವವರು ಇವತ್ತಿಗೂ ಸಿಕ್ಕಿಬೀಳುತ್ತಿದ್ದಾರೆ. ಡಿಎನ್‌ಪಿ ಅನ್ನುವ ಇನ್ನೊಂದು ವಿಷ ಇದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ತೂಕ ಇಳಿಸಲು ಕೊಡುತ್ತಿದ್ದರು, ಜನ ಸತ್ತಿದ್ದರಿಂದ 1938ರಲ್ಲಿ ಅದಕ್ಕೆ ತಡೆ ಬಿತ್ತು. ಅದೂ ಆನ್‌ಲೈನ್‌ನಲ್ಲಿ ಕೊಬ್ಬು ಕರಗಿಸುವ ಮಾತ್ರೆಯಾಗಿ ಮಾರಾಟವಾಗಿ ಜೀವ ತೆಗೆದಿದೆ. ಇಂಥದ್ದನ್ನು ಮಾರುವವರು ವ್ಯಾಪಾರಿಗಳಲ್ಲ, ಅಪರಾಧಿಗಳು. ಕ್ಯಾಪ್ಸೂಲನ್ನು ಇವತ್ತೇ ನಿಲ್ಲಿಸಿ, ಆದರೆ ಡಬ್ಬಿ ಎಸೆಯಬೇಡಿ. ಅದನ್ನು ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ, ಬಿ.ಪಿ. ಮತ್ತು ನಾಡಿ ಪರೀಕ್ಷಿಸಿಕೊಳ್ಳಿ. ಎದೆ ನೋವು, ಜೋರು ಬಡಿತ, ಮೈ ಸುಡುವಷ್ಟು ಜ್ವರ ಇದ್ದರೆ ನಾಳೆಗೆ ಕಾಯಬೇಡಿ, ಈಗಲೇ ಆಸ್ಪತ್ರೆಗೆ ಹೋಗಿ.