ಸಿ ಡ್ರೈವ್ ಕಾಪಿ ಮಾಡಿದರೆ ಸಾಲದು

1 ಟಿಬಿ ಹಾರ್ಡ್ ಡಿಸ್ಕ್‌ನ ಸಿ ಡ್ರೈವ್ ಪೂರ್ತಿ ಹೊಸ 480 ಜಿಬಿ ಎಸ್‌ಎಸ್‌ಡಿಗೆ ಕಾಪಿ-ಪೇಸ್ಟ್ ಮಾಡಿದರೂ ವಿಂಡೋಸ್ ಬೂಟ್ ಆಗುತ್ತಿಲ್ಲ ಅಂದಿದ್ದೀರಿ. ಆಗೋದೂ ಇಲ್ಲ. ಈಗಿನ ಯುಇಎಫ್‌ಐ (ಹಳೆಯ ಬಯೋಸ್ ಬದಲಿಗೆ ಬಂದ, ಕಂಪ್ಯೂಟರ್ ಶುರು ಮಾಡುವ ವ್ಯವಸ್ಥೆ) ಇರುವ ಕಂಪ್ಯೂಟರ್‌ಗಳಲ್ಲಿ ಬೂಟ್ ಫೈಲುಗಳು ಬೇರೆಯೇ ಇಎಫ್‌ಐ ಪಾರ್ಟಿಷನ್‌ನಲ್ಲಿ, ಅಂದರೆ ಡಿಸ್ಕ್‌ನ ಪ್ರತ್ಯೇಕ ಭಾಗದಲ್ಲಿರುತ್ತವೆ. ಸಾಮಾನ್ಯವಾಗಿ 100 ಎಂಬಿ ಆಸುಪಾಸು. ಅದಕ್ಕೆ ಡ್ರೈವ್ ಅಕ್ಷರ ಇರುವುದಿಲ್ಲ, ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಕಾಣುತ್ತದೆ.

ಹಾಗಾಗಿ ಕ್ಲೋನ್ ಮಾಡಿ, ಅಂದರೆ ಎಲ್ಲ ಪಾರ್ಟಿಷನ್ ಸಮೇತ ಇಡೀ ಡಿಸ್ಕ್‌ನ ನಕಲು ತೆಗೆಯಿರಿ. ಕ್ಲೋನ್ ಮಾಡುವ ಕ್ಲೋನ್‌ಜಿಲ್ಲಾ ಸಾಫ್ಟ್‌ವೇರ್ ಉಚಿತವೇ, ಆದರೆ ದೊಡ್ಡ ಡಿಸ್ಕ್‌ನಿಂದ ಚಿಕ್ಕದಕ್ಕೆ ಅಂದರೆ ಗೋಳು ಜಾಸ್ತಿ. ಎಸ್‌ಎಸ್‌ಡಿ ಕಂಪನಿಯೇ ಕ್ಲೋನಿಂಗ್ ಟೂಲ್ ಕೊಟ್ಟಿದೆಯಾ ನೋಡಿ. ಬಿಟ್‌ಲಾಕರ್ (ಡ್ರೈವ್ ಎನ್‌ಕ್ರಿಪ್ಟ್ ಮಾಡುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ ಮೊದಲೇ ಆಫ್ ಮಾಡಿ.

ಮುಗಿದ ಮೇಲೆ ಹಳೆ ಡಿಸ್ಕ್‌ನ ಕೇಬಲ್ ತೆಗೆದೇ ಮೊದಲ ಸಲ ಬೂಟ್ ಮಾಡಿ. ಇಲ್ಲದಿದ್ದರೆ ಕಂಪ್ಯೂಟರ್ ಸುಮ್ನೆ ಹಳೆ ಡಿಸ್ಕ್‌ನಿಂದಲೇ ಏಳಬಹುದು, ನಿಮಗೆ ಗೊತ್ತೂ ಆಗಲ್ಲ. ಹಳೆಯದನ್ನು ಒಂದೆರಡು ವಾರ ಫಾರ್ಮ್ಯಾಟ್ ಮಾಡಬೇಡಿ.